ಬರೇ ಬಿಸಿಲು

ಶೀತಲ್, ಸ್ಯಾನ್ ಡಿಯಾಗೋ
೨೫ ಮೇ ೨೦೨೫, ಭಾನುವಾರ ರಾತ್ರಿ
ವಾಯ್ಸ್ ನೋಟ್

ಅಕ್ಕಾ, ಮಲ್ಕೊಂಡಿರ್ತಿ, ಗೊತ್ತು. ಮುಂಜಾನೆ ಎದ್ದು ಇಯರ್‌ಫೋನ್ ಹಾಕ್ಕೊಂಡು ಕೇಳು. ಓಂಪ್ರಕಾಶ ಮಾಮಾನ ಮುಂದ ಸ್ಪೀಕರ್ ಮ್ಯಾಲ ಹಾಕಬ್ಯಾಡ, ಪಾಪ, ನಿನ್ನ ಗಂಡಗ ಚಹಾ ನೆತ್ತಿಗೆ ಏರ್ತೈತಿ.

ಮೊದಲ ಸಿಟ್ಟಿನ ಮಾತು ಮುಗಸ್ತೀನಿ. ನಿನ್ನೆಯಿಂದ ಸಾಲುಸಾಲ ಮೆಸೇಜ್ ಕಳಸಾಕತ್ತಿ, ಎಲ್ಲಾ ಜಂಪರದ್ದ. ತೋಳು ಮುಂಗೈ ತನಕ ಇರಲಿ, ಬೆನ್ನು ಪೂರ್ತಿ ಮುಚ್ಚಿರಲಿ, ಕುತ್ತಿಗಿ ಮ್ಯಾಲಿರಲಿ. ಜೂನ್ ಇಪ್ಪತ್ತೊಂದಕ್ಕ ನಿಮ್ಮ ಪೋರ್ಟರ್ ರ್ಯಾಂಚ್ ಮನಿಗೆ ನಾ ನನ್ನ ನಿಶ್ಚಯಕ್ಕ ಬರಾಕತ್ತೀನೋ, ಜೇನು ಬಿಡಸಾಕ ಬರಾಕತ್ತೀನೋ?

ಆತು. ಈಗ ಚೊಲೋ ಮಾತು. ಇವತ್ತು ನಾ ಬೀಚಿಗೆ ಹೋಗಿದ್ನಿ. ನಮ್ಮ ಲ್ಯಾಬಿನ ರೋಸಾ ಇದಾಳಲ್ಲ, ನನ್ನ ಪಕ್ಕದ ಬೆಂಚಿನಾಕಿ, ಅರವತ್ತರ ಹತ್ರ ವಯಸ್ಸು, ಅಕಿ ಕರಕೊಂಡು ಹೋದ್ಲು. ಬ್ಲ್ಯಾಕ್ಸ್ ಬೀಚ್ ಅಂತ. ದೊಡ್ಡ ಗುಡ್ಡ, ಗುಡ್ಡದ ತುದಿಯಿಂದ ಮಂದಿ ಪ್ಯಾರಾಶೂಟ್‌ನಂಥಾದ್ದು ಕಟ್ಕೊಂಡು ಹಾರ್ತಾರ. ಕೆಳಗ ಇಳಿಯೂದರಾಗ ಚಪ್ಪಲಿ ಜಾರ್ತಾವ. ಇಳದು ಉತ್ತರಕ್ಕ ನಡಕೋತ ಹೋದ್ರ ಅಲ್ಲೆ ಬಟ್ಟಿ ಹಾಕ್ಕೋಬೇಕಂತೇನಿಲ್ಲ. ಹಾಕ್ಕೊಂಡವ್ರೂ ಇರ್ತಾರ, ಬಿಚ್ಚಿಟ್ಟವ್ರೂ ಇರ್ತಾರ. ಹೂಂ. ನೀ ಅನ್ಕೊಂಡದ್ದ. ಎದ್ದು ಕುಂತಿಯೇನು ಈಗ?

ಮುಂಜಾನೆ ಮಂಜು ಇತ್ತು, ಸಮುದ್ರನ ಕಾಣ್ತಿರಲಿಲ್ಲ. ನಾ ಫುಲ್ ತೋಳಿನ ಕುರ್ತಾ ಹಾಕ್ಕೊಂಡು ಟವೆಲ್ ಮ್ಯಾಲ ಕುಂತಿದ್ನಿ, ದವಾಖಾನ್ಯಾಗ ಪಾಳಿ ಹಚ್ಚಿ ಕುಂತಂಗ. ರೋಸಾ ಬಂದಾಕಿನ ಎಲ್ಲಾ ತಗದು ಮಡಚಿಟ್ಟು ಪುಸ್ತಕ ಹಿಡದ್ಲು. ಮೈಮ್ಯಾಲ ಒಂದು ಟೋಪಿ, ಮಣಕಾಲಿಗೊಂದು ಪಟ್ಟಿ, ಅಷ್ಟ. ಆಚಿ ಕಡೆ ಮುದುಕ್ರು ವಾಲಿಬಾಲ್ ಆಡಾಕತ್ತಿದ್ರು. ಅವರ ಮೈಮ್ಯಾಲ ಟೋಪಿನೂ ಇಲ್ಲ. ಬಾಲ್ ಔಟ್ ಆತು, ಇನ್ ಆತು ಅಂತ ಜಗಳ ಆಡ್ತಾರ ನೋಡು, ಬಟ್ಟಿ ಇಲ್ಲದ ಮಂದಿ ಅಷ್ಟು ಸೀರಿಯಸ್ ಆಗಿ ಜಗಳ ಆಡೂದು ನೋಡಿ ನಂಗ ನಗು ತಡಕೊಳ್ಳಾಕ ಆಗಲಿಲ್ಲ.

ಮಧ್ಯಾಹ್ನ ಮಂಜು ಹರದು ಬಿಸಿಲು ಬಿತ್ತು. ನಾ ತೋಳು ಮ್ಯಾಲ ಏರಿಸಿದ್ನಿ. ಆಮ್ಯಾಲ ಕುರ್ತಾ ತಗದ್ನಿ. ಆಮ್ಯಾಲ ಉಳದದ್ದೂ. ಹೊಟ್ಟಿ, ಬೆನ್ನು, ತೊಡಿ, ಮೊಣಕೈ, ಬೆಳ್ಳಗಿದ್ದ ಜಾಗಾ ಎಲ್ಲಾ ಹೊರಗ. ರೋಸಾ ಪುಸ್ತಕದಿಂದ ತಲಿ ಎತ್ತಿ, "ವಿಟಿಲಿಗೋ? ಹಂಗಾದ್ರ ಅಲ್ಲೆ ಕ್ರೀಮ್ ದಪ್ಪಗ ಹಚ್ಚು, ಲಗೂನ ಸುಡ್ತೈತಿ" ಅಂದು, ಬೆನ್ನಿಗೆ ತಾನ ಹಚ್ಚಿಕೊಟ್ಟು, ಮತ್ತ ಓದಾಕ ಹತ್ತಿದ್ಲು. ಇಷ್ಟ ಅಕ್ಕಾ. ಇಷ್ಟ ಆಗಿದ್ದು. ಮಂದಿ ಅಡ್ಡಾಡಿದ್ರು, ನೋಡಿದ್ರು, ಕೊಡಿ ನೋಡಿದಂಗ ಚಪ್ಪಲಿ ನೋಡಿದಂಗ ನೋಡಿದ್ರು, ಮುಂದ ಹೋದ್ರು. ನಾ ಉಸುಕಿನ್ಯಾಗ ಡಬ್ಬ ಮಲ್ಕೊಂಡ್ನಿ. ತೆರಿ ಸಪ್ಪಳ ಕೇಳ್ಕೋತ ನಿದ್ದಿ ಹತ್ತಿಬಿಡ್ತು. ಎಚ್ಚರಾದ ಮ್ಯಾಲ ಹೊಟ್ಟಿ ಹಸಿದಿತ್ತು. ಅಷ್ಟು ನಿಶ್ಚಿಂತಿ ಹಸಿವು ಯಾವಾಗ ಆಗಿತ್ತೋ ನೆನಪಿಲ್ಲ.

ಸಂಗಮೇಶಗ ಹೇಳ್ಬೇಕಂತ ಮಾಡೀನಿ. ಅವ ನೋಡು, ಎರಡು ತಿಂಗಳು ದಿನಾ ಮಾತಾಡಾಕತ್ತೀವಿ, ಒಂದ್ಸಲಾನೂ ನನ್ನ ತೊನ್ನಿನ ಸುದ್ದಿ ತಗದಿಲ್ಲ. ನೀ ಅವ್ರ ಮನ್ಯಾಗ ಎಲ್ಲಾ ಹೇಳಿದ ಮ್ಯಾಲೂ ಒಂದು ಪ್ರಶ್ನಿ ಇಲ್ಲ. ಹಿಂಥಾ ಹುಡುಗ ಸಿಗ್ತಾನೇನು? ಮಲ್ಕೊತೀನಿ ಈಗ. ಉಸುಕು ಕಿವ್ಯಾಗ ಐತಿ ಇನ್ನೂ.


ನಿರುಪಮಾ, ಪೋರ್ಟರ್ ರ್ಯಾಂಚ್, ಲಾಸ್ ಏಂಜಲಿಸ್
೨೬ ಮೇ ೨೦೨೫
ಇ-ಮೇಲ್

ಪ್ರೀತಿಯ ಶೀತೂ,

ನಿನ್ನ ಧ್ವನಿಯನ್ನು ಗ್ಯಾರೇಜಿನಲ್ಲಿ, ಕಾರಿನ ಕಿಟಕಿ ಏರಿಸಿಕೊಂಡು ಕೇಳಿದೆ. ನಾನು ನಿನ್ನ ಹಾಗೆ ಮಾತಿನಲ್ಲಿ ಉತ್ತರಿಸುವುದಿಲ್ಲ. ಸಿಟ್ಟು ಬಂದರೆ ನನ್ನ ದನಿ ನಡುಗುತ್ತದೆ, ಅಕ್ಷರ ನಡುಗುವುದಿಲ್ಲ.

ನಿನಗೆ ಬುದ್ಧಿ ಇದೆಯೇ? ಡೆಲ್ ಮಾರ್ ಅಲ್ಲಿಂದ ಎಷ್ಟು ದೂರ? ರಜೆ ಬಂತೆಂದರೆ ನಮ್ಮ ಕನ್ನಡದವರು ಅರ್ಧಕ್ಕರ್ಧ ಆ ಕಡೆಯ ದಂಡೆಯಲ್ಲೇ ಬುತ್ತಿ ಬಿಚ್ಚುತ್ತಾರೆ. ಯಾರಾದರೂ ಕಂಡಿದ್ದರೆ? ಹಾರುವವರೆಂದೆಯಲ್ಲ, ಅವರ ಹೆಲ್ಮೆಟ್ಟಿನಲ್ಲಿ ಕ್ಯಾಮೆರಾ ಇರುತ್ತದೆ. ಅದನ್ನು ಯೋಚಿಸಿದೆಯಾ? ಆ ರೋಸಾಗೇನು, ಅವಳಿಗೆ ನಿಶ್ಚಯವಿಲ್ಲ, ಬೀಗರಿಲ್ಲ.

ಒಂದೇ ಸಮಾಧಾನ. ಇಡೀ ಮೈಗೆ ಬಿಸಿಲು ಬಿದ್ದಿದೆ. ಬಣ್ಣ ಏನಾದರೂ ಬಂದಿದೆಯೇ, ಕನ್ನಡಿಯಲ್ಲಿ ನೋಡಿಕೊಂಡೆಯಾ? ಸುಮ್ಮನೆ ಕ್ರೀಮು ಬಳಿದುಕೊಂಡು ಬಿಸಿಲನ್ನು ಹಾಳುಮಾಡಿಕೊಂಡೆ. ಕಳೆದ ವರ್ಷ ಅವ್ವ ಕಳಿಸಿದ, ಮೈಬಣ್ಣ ತರುವ ಬಾವಂಚಿ ಎಣ್ಣೆ ನನ್ನಲ್ಲಿದೆ. ಇವತ್ತೇ ಕೊರಿಯರ್ ಮಾಡುತ್ತಿದ್ದೇನೆ. ಹೋಗಲೇಬೇಕೆಂದರೆ ಜನ ಕಡಿಮೆ ಇರುವ ದಿನ ಹೋಗು, ಎಣ್ಣೆ ಹಚ್ಚಿಕೊಂಡೇ ಮಲಗು. ಇಪ್ಪತ್ತೊಂದರೊಳಗೆ ಮೊಣಕೈಯ ಬಣ್ಣವಾದರೂ ಸ್ವಲ್ಪ ಕೂಡಿಕೊಂಡರೆ ನನಗೆ ಅಷ್ಟೇ ಸಾಕು.

ಸಂಗಮೇಶನಿಗೆ ಬೀಚಿನ ಸುದ್ದಿ ಹೇಳಬೇಡ. ಮದುವೆಗೆ ಮುಂಚೆ ಗಂಡಸರಿಗೆ ಎಲ್ಲವನ್ನೂ ಹೇಳುವ ಅವಶ್ಯಕತೆಯಿಲ್ಲ.

ನಿನ್ನ ಅಕ್ಕ


ಶೀತಲ್
೩೦ ಮೇ ೨೦೨೫, ರಾತ್ರಿ
ವಾಯ್ಸ್ ನೋಟ್

ನಿನ್ನ ಎಣ್ಣಿ ಬಂತು. ಬಾಟ್ಲಿಗೆ ಹಳೇ ಪೇಪರ್ ಸುತ್ತಿ, ಪ್ಲಾಸ್ಟಿಕ್ ಸುತ್ತಿ, ಮ್ಯಾಲ ನಿನ್ನ ಕೈಬರಹದಾಗ "ದಿನಾ ಎರಡು ಹೊತ್ತು" ಅಂತ.

ಮುಚ್ಚಳ ತಗದ ಕೂಡ್ಲೆ ಆ ವಾಸನಿ. ನಮ್ಮ ಜಮಖಂಡಿ ಮನಿ ಮಾಳಗಿ ಮ್ಯಾಲ ಕುಂತ್ನಿ ನಾ ಮತ್ತ. ಏಳು ವರ್ಷದ ಹುಡುಗಿ, ಅವ್ವ ಹೊಟ್ಟಿ ಬೆನ್ನಿಗೆಲ್ಲಾ ಎಣ್ಣಿ ಬಡದು ಬಿಸಿಲಾಗ ಕುಂದರಿಸ್ತಿದ್ಲು. ತಾನು ನೆರಳಾಗ ಶೇಂಗಾ ಸುಲಕೋತ ಕುಂದ್ರತಿದ್ಲು, ನೀ ಮಾಳಗಿ ಮೆಟ್ಟಲದ ಮ್ಯಾಲ ಕಾವಲು. ಯಾಕ ಕಾವಲು? ನಾ ಇಳದು ಓಡಿಹೋಗಬಾರದಂತ, ಮ್ಯಾಲ ಯಾರೂ ಬಂದು ನೋಡಬಾರದಂತ. ಗುಳ್ಳಿ ಎದ್ದು ಒಡದು ನೀರು ಸುರೀತಿತ್ತು. "ಸುಡಾಕತ್ತೇತಿ ಅಂದ್ರ ಔಷಧ ಹತ್ತೇತಿ ಅಂತ ಅರ್ಥ" ಅಂತಿದ್ಲು ಅವ್ವ. ನೀನೂ ಅದನ್ನ ಅಂತಿದ್ದಿ.

ನಾ ಬೀಚಿಗೆ ಔಷಧ ತಗೊಳ್ಳಾಕ ಹೋಗಿದ್ದಿಲ್ಲ, ಅಕ್ಕಾ! ನಾ ಹೇಳಿದ್ದು ಏನು, ನೀ ಕೇಳಿದ್ದು ಏನು! ಹುಟ್ಟಿದಾಗಿಂದ ಮೊದಲ ಸಲ ನಂಗ ಬಿಸಿಲು ಬರೇ ಬಿಸಿಲಾಗಿತ್ತು. ಅದರಾಗೂ ನೀ ಬಾಟ್ಲಿ ತಗೊಂಡು ಬಂದಿ. ಬಟ್ಟಿ ಬಿಚ್ಚಿದ್ರ ಮನೆತನ ಹೋಗ್ತೈತಿ, ಎಣ್ಣಿ ಹಚ್ಕೊಂಡು ಬಿಚ್ಚಿದ್ರ ಪರವಾಗಿಲ್ಲ. ಯಾವ ಲೆಕ್ಕ ಇದು?

ನಿನ್ನ ಎಣ್ಣಿ ಲ್ಯಾಬಿನ ಕೆಮಿಕಲ್ ಕಸದ ಡಬ್ಬಿಗೆ ಸುರುವಿ, ಲೇಬಲ್ ಹಚ್ಚಿ ಬಂದೀನಿ.

ಮತ್ತ ಇನ್ನೊಂದು. "ಎಲ್ಲವನ್ನೂ ಹೇಳುವ ಅವಶ್ಯಕತೆಯಿಲ್ಲ" ಅಂತ ಬರದಿ. ಮಾರ್ಚ್‌ದಾಗ ಜಾತಕ ಫೋಟೋ ಕೊಡೂಮುಂದ ನಾ ಒಂದ ಮಾತು ಕೇಳಿದ್ನಿ ನಿಂಗ. ಮೊದಲ ಅವ್ರಿಗೆ ಹೇಳು, ಒಪ್ಪಿದ್ರ ಮುಂದ ಅಂತ. ನೀ "ಹೇಳೀನಿ, ಒಪ್ಪ್ಯಾರ" ಅಂದಿ. ಹೇಳೀದಿ ಹೌದಲ್ಲೊ? ಹೂಂ ಅನ್ನು, ಇಲ್ಲಾ ಉಹೂಂ ಅನ್ನು. ಸಂಧಿ ಸಮಾಸ ಬ್ಯಾಡ.


ನಿರುಪಮಾ
೩೧ ಮೇ ೨೦೨೫
ಇ-ಮೇಲ್

ಶೀತೂ,

ಹೇಳಬೇಕಾದವರಿಗೆ ಹೇಳಬೇಕಾದಷ್ಟು ಹೇಳಿದ್ದೇನೆ. ಅನುಮಾನಪಡುವ ಹೊತ್ತಲ್ಲ ಇದು.

ಹೋಳಿಗೆಗೆ ಡೈಮಂಡ್ ಬಾರ್ ಊರಿನ ಅಡುಗೆಯವರಿಗೇ ಆರ್ಡರ್ ಕೊಟ್ಟಿದ್ದೇನೆ, ಮನೆಗೆ ಹತ್ತಿರವೆಂದು ಬೀಗರೇ ತರುತ್ತಾರೆ. ಸಂಗಮೇಶನ ತಾಯಿ ಸಾವಿತ್ರವ್ವ ಊರಿನಿಂದ ಬರುವಾಗಲೇ ನಿನಗೆಂದು ಇಳಕಲ್ ಸೀರೆ ತಂದಿದ್ದಾರೆ, ಕೆಂಪು ಸೆರಗು. ಉಡಿ ತುಂಬುವಾಗ ಹುಡುಗನ ತಾಯಿ ತೋಳಿಗೆಲ್ಲ ಅರಿಷಿಣ ಹಚ್ಚುವ ರೂಢಿ ಅವರಲ್ಲಿ. ರೇಷ್ಮೆಗೆ ಕಲೆಯಾಗುತ್ತದೆ, ಇಲ್ಲಿ ಕೆನ್ನೆಗೆ ಮಾತ್ರ ಹಚ್ಚುತ್ತೇವೆ ಎಂದು ಹೇಳಿದೆ. ಒಪ್ಪಿದರು. ಒಳ್ಳೆಯ ಹೆಂಗಸು.

ಎಣ್ಣೆ ಚೆಲ್ಲಿದ್ದು ಸರಿಯಲ್ಲ. ಅವ್ವ ಎಷ್ಟು ಕಷ್ಟಪಟ್ಟು ಮಾಡಿಸುತ್ತಾಳೆ, ಗೊತ್ತೇ?

ಅಕ್ಕ


ಶೀತಲ್
೭ ಜೂನ್ ೨೦೨೫, ರಾತ್ರಿ
ವಾಯ್ಸ್ ನೋಟ್

ನಾ ಈಗ ಕಾರಿನ್ಯಾಗ ಅದೀನಿ. ಮನ್ಯಾಗ ಕುಂದ್ರಾಕ ಆಗಲಿಲ್ಲ. ಸುಮ್ನ ಫ್ರೀವೇ ಹತ್ತಿದ್ನಿ, ಎಸ್ಕಾಂಡಿಡೋ ತನಕ ಹೋಗಿ ಹೊಳ್ಳಿ ಬಂದ್ನಿ, ಈಗ ಯಾವ್ದೋ ಪಾರ್ಕಿಂಗ್‌ನ್ಯಾಗ ನಿಂತೀನಿ.

ಇವತ್ತು ಮುಂಜಾನೆ ಮತ್ತ ಬೀಚಿಗೆ ಹೋಗಿದ್ನಿ. ಸಂಜಿಮುಂದ ಸಂಗಮೇಶ ಫೋನ್ ಮಾಡಿದ. ಬೀಚಿನ ಸುದ್ದಿ ಹೇಳಿದ್ನಿ. ನಕ್ಕ. "ನೀ ಬಾಳ ಧೈರ್ಯದಾಕಿ ಬಿಡು" ಅಂದ. ನಂಗ ಎಷ್ಟು ಖುಷಿ ಆತು ಗೊತ್ತೇನು? ಆ ಖುಷಿಯೊಳಗ ಹೇಳಿದ್ನಿ: "ಈ ಸಲ ಕ್ರೀಮ್ ಕಡಿಮಿ ಆಗಿ ಪ್ಯಾಚ್ ಸುಟ್ಟಾವಪ್ಪಾ, ಬೆನ್ನು ಉರಿಯಾಕತ್ತೈತಿ."

"ಯಾವ ಪ್ಯಾಚ್?"

ನಾ ನಕ್ನಿ. "ನಾಟಕ ಮಾಡಬ್ಯಾಡ. ಅಕ್ಕ ಹೇಳ್ಯಾಳಲ್ಲ."

"ಅವ್ರೇನ್ ಹೇಳ್ಯಾರ?"

"ನನ್ನ ತೊನ್ನು."

ಫೋನಿನ್ಯಾಗ ಅವನ ಟಿವಿ ಸಪ್ಪಳ ಕೇಳ್ತಿತ್ತು. ಯಾರೋ ಕ್ರಿಕೆಟ್ ಕಾಮೆಂಟರಿ ಹೇಳಾಕತ್ತಿದ್ರು. ಅವ ಟಿವಿ ಬಂದ್ ಮಾಡಿದ. "ಶೀತಲ್, ನಂಗ ಯಾರೂ ಏನೂ ಹೇಳಿಲ್ಲ" ಅಂದ. ಆಮ್ಯಾಲ "ನಾಳೆ ಮಾತಾಡೂಣು" ಅಂತ ಇಟ್ಟ.

ಹೇಳಬೇಕಾದವರಿಗೆ ಹೇಳಬೇಕಾದಷ್ಟು! ಭೇಷ್ ಅಕ್ಕಾ, ಭೇಷ್! ಏನ್ ಚಂದ ಬರೀತಿ ನೀ!

ಎರಡು ತಿಂಗಳು ಅವನ ಮೌನಕ್ಕ ನಾ ಪೂಜಿ ಮಾಡೀನಿ. ಎಷ್ಟು ದೊಡ್ಡ ಮನಸ್ಸು, ಎಷ್ಟು ಸೂಕ್ಷ್ಮ ಅಂತ. ಪಾಪ, ಅವಗ ಗೊತ್ತ ಇದ್ದಿಲ್ಲ! ಗೊತ್ತಿಲ್ಲದವನ ಜೋಡಿ ನಾ ಎಲ್ಲಾ ಗೊತ್ತಿದ್ದವ ಅಂತ ಮಾತಾಡೀನಿ. ನನ್ನ ಪ್ರೀತಿನ ಸುಳ್ಳು ಮಾಡಿದಿ ನೀ. ಅವನ ಜೋಡಿ ಅಲ್ಲ, ನೀ ಕಟ್ಟಿದ ಗೊಂಬಿ ಜೋಡಿ ಸಂಸಾರದ ಕನಸು ಕಂಡೀನಿ.

ಅರಿಷಿಣ ಕೆನ್ನಿಗೆ ಸಾಕು ಅಂತ ಬರದಿದ್ದಿ. ಈಗ ತಿಳೀತು. ರೇಷ್ಮಿಗೆ ಕಲಿ ಆಗ್ತೈತಿ ಅಂತ!

ಫೋನ್ ಎತ್ತು. ಈಗ ಮಾಡಾಕತ್ತೀನಿ, ಎತ್ತು.


ಶೀತಲ್
೮ ಜೂನ್ ೨೦೨೫
ವಾಯ್ಸ್ ನೋಟ್

ಕೇಳೀದಿ ಅಂತ ತೋರಸಾಕತ್ತೈತಿ. ಏನರೆ ಅನ್ನು. ಬೈಯಿ ಬೇಕಾದ್ರ.


ನಿರುಪಮಾ
೧೦ ಜೂನ್ ೨೦೨೫
ಇ-ಮೇಲ್

ಶೀತಲ್,

ಮೂರು ಸಲ ಬರೆದು ಅಳಿಸಿದೆ. ಇದನ್ನು ಕ್ಷಮೆ ಎಂದು ಓದಬೇಡ. ನಾನು ಕ್ಷಮೆ ಕೇಳುತ್ತಿಲ್ಲ.

೨೦೧೧ರಲ್ಲಿ ಹುಬ್ಬಳ್ಳಿಯ ಒಂದು ಮನೆತನ ನನ್ನನ್ನು ನೋಡಲು ಬಂದಿತ್ತು. ನಿನಗೆ ಹದಿಮೂರು. ನೀನು ಅರ್ಧ ತೋಳಿನ ಫ್ರಾಕು ಹಾಕಿಕೊಂಡು ನೀರಿನ ಲೋಟಗಳನ್ನು ತಂದೆ. ಹುಡುಗನ ತಾಯಿ ನಿನ್ನ ಮೊಣಕೈ ನೋಡಿದರು, ಲೋಟ ತೆಗೆದುಕೊಳ್ಳಲಿಲ್ಲ. ವಾರ ಕಳೆದ ಮೇಲೆ ಹೇಳಿಕಳಿಸಿದರು, ಆ ಮನೆತನದಲ್ಲಿ "ಅದು" ಇದೆಯಂತೆ, ನಮಗೆ ಬೇಡ, ಎಂದು. ಆ ಹುಡುಗನ ಜೊತೆ ನಾನು ಧಾರವಾಡದಲ್ಲಿ ಚಹಾ ಕುಡಿದಿದ್ದೆ. ನನಗೆ ಅವನು ಬೇಕಾಗಿದ್ದ. ಅವ್ವನಿಗೂ ಇದು ಗೊತ್ತಿಲ್ಲ.

ಆ ತಿಂಗಳಿನಿಂದ ನಿನಗೆ ಪೂರ್ತಿ ತೋಳಿನ ಬಟ್ಟೆ ಹೊಲಿಸಿದ್ದು. ಶಾಲೆಯ ನಿಯಮ ಎಂದು ಹೇಳಿದ್ದೆವು. ಓಂಪ್ರಕಾಶರ ಮನೆಯವರು ಬಂದ ದಿನ ನಿನ್ನನ್ನು ಚಿಕ್ಕವ್ವನ ಮನೆಗೆ ಕಳಿಸಿದ್ದೂ ಅದಕ್ಕೇ. ಮದುವೆಯಾಗಿ ಇಲ್ಲಿಗೆ ಬಂದು ಒಂದು ವರ್ಷದ ಮೇಲೆ ಅವರಿಗೆ ಹೇಳಿದೆ. "ಅಷ್ಟೇನಾ?" ಎಂದರು. ಅಂದೇ ನಾನು ಕಲಿತೆ. ಮದುವೆಗೆ ಮುಂಚೆ ಗೊತ್ತಾದರೆ ಅದು ರೋಗ. ಮದುವೆಯಾದ ಮೇಲೆ ಗೊತ್ತಾದರೆ "ಅಷ್ಟೇನಾ". ನಾನು ನಿನಗೆ ಆ "ಅಷ್ಟೇನಾ" ಕೊಡಿಸಲು ನೋಡಿದೆ. ಬೇರೇನೂ ಅಲ್ಲ.

ನೀನು ಒಂದು ಮಧ್ಯಾಹ್ನ ಮರಳಿನಲ್ಲಿ ಮಲಗೆದ್ದು ಸ್ವತಂತ್ರಳಾದೆ. ನಿನ್ನನ್ನು ಅಲ್ಲಿಯವರೆಗೆ ಮುಟ್ಟಿಸಲು ಹದಿನಾಲ್ಕು ವರ್ಷ ಬಾಯಿ ಹೊಲಿದುಕೊಂಡವಳು ನಾನು. ನನಗೂ ಸಿಟ್ಟಿದೆ, ತಂಗಿ. ನನ್ನ ಸಿಟ್ಟಿಗೆ ಯಾವ ಬೀಚೂ ಇಲ್ಲ.

ಸಂಗಮೇಶನಿಗೆ ನಾನೇ ಮಾತಾಡುತ್ತೇನೆ. ನೀನು ಸುಮ್ಮನಿರು. ಸಾವಿತ್ರವ್ವನ ತನಕ ಹೋಗದಂತೆ ನೋಡಿಕೊಳ್ಳುತ್ತೇನೆ.

ನಿರುಪಮಾ


ಶೀತಲ್
೧೨ ಜೂನ್ ೨೦೨೫, ರಾತ್ರಿ
ವಾಯ್ಸ್ ನೋಟ್

ನಿನ್ನ ಪತ್ರ ಓದಿದ್ನಿ. ಆ ಹುಬ್ಬಳ್ಳಿ ಮುದಿಕಿ ಲೋಟ ತಗೊಳ್ಳಲಿಲ್ಲ ಅಂತಿಯಲ್ಲ, ನಂಗ ನೆನಪೈತಿ. ಅಕಿಗೆ ನೀರಡಿಕಿ ಇಲ್ಲ ಅನ್ಕೊಂಡಿದ್ನಿ. ಹದಿಮೂರು ವರ್ಷದ ಹುಡುಗಿ ಇನ್ನೇನು ಅನ್ಕೋಬೇಕು?

ನಿನ್ನ ಸಂಬಂಧ ಮುರದದ್ದಕ್ಕ ನಂಗ ದುಃಖ ಐತಿ. ಖರೇನ. ಆದ್ರ ಅದನ್ನ ನನ್ನ ತಲಿ ಮ್ಯಾಲ ಹೊರಸಬ್ಯಾಡ. ನಾ ಮುರದಿಲ್ಲ. ಅವ್ರು ಮುರದ್ರು. ನೀ ಅವ್ರ ಮ್ಯಾಲ ಸಿಟ್ಟು ಮಾಡೂದು ಬಿಟ್ಟು ನಂಗ ತೋಳು ಹೊಲಿಸಿದಿ.

ಈಗ ಕೇಳು. ನೀ ಅವಗ ಫೋನ್ ಮಾಡೂಕಿಂತ ಮೊದಲ ಸಂಗಮೇಶನ ನಂಗ ಮಾಡಿದ್ದ. "ನಂಗೇನ್ ಪ್ರಾಬ್ಲಮ್ ಇಲ್ಲ ಶೀತಲ್" ಅಂದ. ನನ್ನ ಕಣ್ಣಾಗ ನೀರು ಬಂತು. ಮುಂದ ಏನಂದ ಗೊತ್ತೇನು? "ಅವ್ವಗಷ್ಟ ಗೊತ್ತಾಗೂದು ಬ್ಯಾಡ. ಆರು ತಿಂಗಳಿಗೆ ಊರಿಗೆ ಹೋಗ್ತಾಳ. ಅಲ್ಲೀ ತನಕ ಸ್ಲೀವ್ಸ್ ಹಾಕ್ಕೊಂಡ್ರ ಆತು. ಊರಿಗೆ ಹೋದಾಗ ಹೆಂಗೂ ಚೂಡಿದಾರ ಇರ್ತೈತಿ. ಮತ್ತ ಆ ಬೀಚ್, ಸ್ವಲ್ಪ ದಿನ ಬಿಟ್ಟುಬಿಡು."

ಅವನ ದೊಡ್ಡ ಮನಸ್ಸಿನ್ಯಾಗ ನನಗೊಂದು ಫುಲ್ ತೋಳಿನ ಜಂಪರ್ ರೆಡಿ ಇಟ್ಟಾನ. ನೀ ಕೊಟ್ಟ ಅಳತೀದ್ದ.

ನಾ ಸಾವಿತ್ರವ್ವಗ ಫೋನ್ ಹಚ್ಚಿದ್ನಿ. ಹೂಂ, ನಾನ. ನಿನ್ನೆ ಮಧ್ಯಾಹ್ನ, ಲ್ಯಾಬಿನ ಹೊರಗ ನಿಂತು.

"ಅವ್ವಾರ, ನಾ ಶೀತಲ್."

"ಹೇಳವ್ವಾ. ಊಟ ಆತು?"

"ಅವ್ವಾರ, ನನ್ನ ಮೈಮ್ಯಾಲ ತೊನ್ನು ಐತಿ. ಹೊಟ್ಟಿ, ಬೆನ್ನು, ತೊಡಿ, ಬಲಗೈ ಮೊಣಕೈ. ಚಿಕ್ಕಾಕಿದ್ದಾಗಿಂದ ಐತಿ. ನಿಮಗ ಗೊತ್ತೈತಿ ಅನ್ಕೊಂಡಿದ್ನಿ. ಗೊತ್ತಿಲ್ಲ ಅಂತ ಈಗ ತಿಳೀತು."

ಕುಕ್ಕರ್ ಸೀಟಿ ಹೊಡೀತು ಅಲ್ಲೆ. ಗ್ಯಾಸ್ ಆರಿಸಿದ್ದು ಕೇಳಿಸ್ತು. "ನಿಮ್ಮಕ್ಕ ಏನ್ ಹೇಳಿದ್ಲು ಅಂದ್ರ," ಅಂದ್ರು, "ನಮ್ಮ ತಂಗಿ ಮೈ ನಾಜೂಕು, ಹೊಸಾ ಸಾಬಾನ ಹಚ್ಚಿದ್ರ ಆಗಂಗಿಲ್ಲ ಅಂತಷ್ಟ ಹೇಳಿದ್ಲು. ನಾ ಊರಿಂದ ಮೈಸೂರ್ ಸಾಬಾನ ತಂದಿಟ್ಟಿದ್ನಿ, ಸೊಸಿಗೆ ಅಂತ."

ಸಾಬಾನ, ಅಕ್ಕಾ! ನೀ "ಹೇಳಬೇಕಾದಷ್ಟು" ಹೇಳಿದ್ದು ಸಾಬಾನ!

ಅವ್ರ ಅಂದ್ರು, "ಮೊದಲ ಹೇಳಿದ್ರ ಕುಂತು ವಿಚಾರ ಮಾಡ್ತಿದ್ವಿ. ಈಗ ಹೆಂಗ ಮಾಡೂದವ್ವಾ? ಹೆಣ್ಣು ಕೊಡೂ ಮುಂದ ಇಷ್ಟು ದೊಡ್ಡದು ಮುಚ್ಚಿದವ್ರು ನಾಳೆ ಇನ್ನೇನು ಮುಚ್ಚತಾರೋ. ಆ ಮನಿ ಜೋಡಿ ಬೀಗಸ್ತನ ನಂಗಾಗೂದಿಲ್ಲ. ನಿನ್ನ ಮ್ಯಾಲ ಸಿಟ್ಟಿಲ್ಲ ನೋಡು. ನೀನರ ಹೇಳಿದಿ."

"ಮೊದಲ ಹೇಳಿದ್ರ ಒಪ್ತಿದ್ರೇನ್ರೀ?" ಅಂತ ಕೇಳಿದ್ನಿ.

ಕುಕ್ಕರಿನ ಮುಚ್ಚಳ ತಗದ ಸಪ್ಪಳ ಬಂತು. "ಊಟ ಮಾಡು ಹೋಗು" ಅಂದು ಇಟ್ರು.

ಅದ ಅಕ್ಕಾ. ಅದ. ಚರ್ಮಕ್ಕ ಬ್ಯಾಡಂದ್ರೋ, ಸುಳ್ಳಿಗೆ ಬ್ಯಾಡಂದ್ರೋ, ನಂಗ ಸಾಯೂ ತನಕ ಗೊತ್ತಾಗಂಗಿಲ್ಲ. ತೊನ್ನು ನೋಡಿ ಬ್ಯಾಡ ಅಂದಿದ್ರ ಅತ್ತು, ಬೈದು, ಮರೀತಿದ್ನಿ. ಒಪ್ಪಿದ್ರ ಅಂತೂ... ಬಿಡು. ಯಾವುದಂತ ತಿಳಕೊಳ್ಳೂದನ್ನ ನೀ ನನ್ನಿಂದ ಕಸ್ಕೊಂಡಿ. ಹುಬ್ಬಳ್ಳಿಯವ್ರು ನಿಂಗ ಅಷ್ಟರ ಕೊಟ್ಟಿದ್ರು. ನಿನ್ನ ಯಾಕ ಬಿಟ್ರು ಅಂತ ನಿಂಗ ಗೊತ್ತಿತ್ತು.


ನಿರುಪಮಾ
೧೩ ಜೂನ್ ೨೦೨೫
ಇ-ಮೇಲ್

ಹೋಳಿಗೆಯ ಆರ್ಡರ್ ರದ್ದು ಮಾಡಿದೆ. ಸಾವಿತ್ರವ್ವ ನನ್ನ ಫೋನ್ ತೆಗೆದುಕೊಳ್ಳುತ್ತಿಲ್ಲ. ಅವ್ವನಿಗೆ ನಾನೇ ತಿಳಿಸಿದೆ, ಅವಳು ಅಳುತ್ತಿದ್ದಾಳೆ. ನಿನಗೀಗ ಸಂತೋಷವಾಗಿರಬೇಕು. ಹೋಗು, ಸಮುದ್ರದ ದಂಡೆಗೆ ಹೋಗಿ ಮಲಗು.


ಶೀತಲ್
೨೭ ಜುಲೈ ೨೦೨೫, ರಾತ್ರಿ
ವಾಯ್ಸ್ ನೋಟ್

ನಿಂಗ ಇಷ್ಟು ದಿನ ಏನೂ ಕಳಿಸಲಿಲ್ಲ ನಾ. ಇನ್ನೂ ಕಳಿಸ್ತಿರಲಿಲ್ಲ.

ಇವತ್ತು ನಿನ್ನ ಗೆಳತಿ ತುಳಸಿ ಫೋನ್ ಮಾಡಿದ್ರು. ನಾ ಬೀಚಿನ್ಯಾಗ ಇದ್ನಿ, ರೋಸಾ ಕಿತ್ತಳಿ ಸುಲದು ಕೊಡಾಕತ್ತಿದ್ಲು. ನೀರಾಗ ಡಾಲ್ಫಿನ್ ಬಂದಿದ್ವು, ಮಂದಿಯೆಲ್ಲಾ ಎದ್ದು ನಿಂತು ನೋಡಾಕತ್ತಿದ್ರು. ಮನಸ್ಸು ಅಷ್ಟು ತಣ್ಣಗಿತ್ತು, ಫೋನ್ ಎತ್ತಿದ್ನಿ. ಎತ್ತಬಾರದಿತ್ತು.

"ಶೀತೂ, ಪುಣ್ಯಾ ಮಾಡೀದಿ ನೋಡು" ಅಂದ್ರು. "ನಿಶ್ಚಯಕ್ಕಿಂತ ಮೊದಲ ಗೊತ್ತಾತು. ಬೆಡಗು, ಗೋತ್ರ ಒಂದ ಬಂದಿತ್ತಂತಲ್ಲ ಎರಡೂ ಮನಿದು? ಒಂದ ಬೆಡಗು ಅಂದ್ರ ಅವ ನಿನಗ ಅಣ್ಣ ಆದಂಗಾತಲ್ಲ ತಂಗಿ! ನಿರುಪಮಾ ಹೇಳಿದಾಗ ನನ್ನ ಎದಿ ಝಲ್ ಅಂತು."

ನಾ ಉಸುಕಿನ್ಯಾಗ ಹಂಗ ಕುಂತುಬಿಟ್ನಿ. ಮೈಮ್ಯಾಲ ಒಂದು ನೂಲಿಲ್ಲ, ಕೈಯಾಗ ಅರ್ಧ ಕಿತ್ತಳಿ, ಕಿವ್ಯಾಗ ತುಳಸಿ ನನಗ ಅಣ್ಣನ್ನ ದಾನಾ ಮಾಡಾಕತ್ತಾರ.

ಒಂದು ಸುಳ್ಳು ಮುರಿದು ಇನ್ನೂ ಎರಡು ತಿಂಗಳು ತುಂಬಿಲ್ಲ, ಮತ್ತೊಂದು ಹೊಲಿಸಿದಿ! ಇದೂ ನನ್ನ ಸಲುವಾಗಿ ಏನು? ಯಾರ ಮುಂದ ನಾಚಿಕಿ ನಿಂಗ? ತುಳಸಿ ಮುಂದ? ನಿಮ್ಮ ಲಾಸ್ ಏಂಜಲಿಸ್ ಹೆಂಗಸ್ರ ಗ್ರೂಪಿನ ಮುಂದ?

ಕೇಳು. ಆಗಸ್ಟ್ ಹತ್ತಕ್ಕ ನಿಮ್ಮ ಮನ್ಯಾಗ ಶ್ರಾವಣದ ಊಟ ಐತಿ ಅಂತ ತುಳಸಿನ ಹೇಳಿದ್ರು. ಎಲ್ಲಾರೂ ಬರ್ತಾರ. ನೀ ನನ್ನ ಕರದಿಲ್ಲ. ನಾ ಬರ್ತೀನಿ. ಬಟ್ಟಿ ಹಾಕ್ಕೊಂಡ ಬರ್ತೀನಿ, ಹೆದರಬ್ಯಾಡ. ಆದ್ರ ತೋಳಿಲ್ಲದ ಜಂಪರ್. ಒಳಗ ಬಂದು, ಕುಂತು, ಎಲಿ ಮುಂದ ಕೈ ಚಾಚ್ತೀನಿ. ಯಾರರೆ ಕೇಳಿದ್ರ ಬೆಡಗು ಒಂದ ಬಂದಿರಲಿಲ್ಲ ಅಂತ ಎಲ್ಲಾರ ಮುಂದ ಹೇಳ್ತೀನಿ.

ಇಲ್ಲಾ, ಅದಕ್ಕಿಂತ ಮೊದಲ ನೀ ಹೇಳು. ನಿನ್ನ ಬಾಯಿಲೆ ಹೇಳು. "ಅದು" ಅನ್ನಬ್ಯಾಡ, ಹೆಸರು ಹಿಡದು ಹೇಳು. ನಂಗ ನಿನ್ನ ಕ್ಷಮಾ ಬ್ಯಾಡ ಅಕ್ಕಾ. ನಾ ನಿಮ್ಮ ಮನಿಗೆ ಬಂದಾಗ ಅಲ್ಲಿದ್ದವ್ರಿಗೆ ನಾ ಯಾರಂತ ಗೊತ್ತಿರಬೇಕು, ಅಷ್ಟ. ಗುರ್ತಿಲ್ಲದ ಮಂದಿ ನಡುವ ದಂಡಿ ಮ್ಯಾಲ ಸಿಕ್ಕದ್ದು ಅಕ್ಕನ ಮನ್ಯಾಗ ಸಿಗಂಗಿಲ್ಲ ಅಂದ್ರ ನಾ ಯಾಕ ಆ ಮೆಟ್ಟಲ ಹತ್ತಬೇಕು ಹೇಳು.

ಇದನ್ನೂ ಕಾರಿನ್ಯಾಗ ಕುಂತು ಕೇಳು. ಆಮ್ಯಾಲ ಕಾರಿನಿಂದ ಇಳಿ.


ನಿರುಪಮಾ
೮ ಆಗಸ್ಟ್ ೨೦೨೫
ಇ-ಮೇಲ್

ಶೀತೂ,

ಮೊದಲು ತುಳಸಿಯ ಮನೆಗೆ ಹೋಗಿ, ಎದುರು ಕುಳಿತು ಹೇಳಿದೆ. ಬೆಡಗಿನ ಮಾತು ನಾನೇ ಕಟ್ಟಿದ್ದು, ನನ್ನ ತಂಗಿಗೆ ತೊನ್ನಿದೆ, ಎಂದೆ. "ಅಯ್ಯ, ಅಂಟತೈತೇನ?" ಎಂದಳು. ಇಲ್ಲ ಎಂದೆ. "ಮತ್ತ ಅದಕ್ಕ ಬಿಟ್ರೇನು ಅವ್ರು?" ಎಂದಳು. ಗೊತ್ತಿಲ್ಲ, ನಾನು ಸುಳ್ಳು ಹೇಳಿದ್ದಕ್ಕೆ ಬಿಟ್ಟೆವು ಅಂದರು, ಎಂದೆ. ಇದನ್ನು ಹೇಳುವುದು ತೊನ್ನಿನ ಮಾತಿಗಿಂತ ಕಷ್ಟವಾಯಿತು. ತುಳಸಿ ಎದ್ದು ಹೋಗಿ ಚಹಾ ಮಾಡಿದಳು. ಸಕ್ಕರೆ ಹಾಕುವುದನ್ನು ಮರೆತಿದ್ದಳು, ಇಬ್ಬರೂ ಹಾಗೆಯೇ ಕುಡಿದೆವು.

ಉಳಿದವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಹೆಸರು ಹಿಡಿದೇ ಹೇಳಿದೆ. ಇಬ್ಬರು ಬರುವುದಿಲ್ಲ ಎಂದಿದ್ದಾರೆ. ಒಬ್ಬಳು ಮಗುವಿಗೆ ಜ್ವರ ಎಂದಳು, ಇನ್ನೊಬ್ಬಳು ಕಾರಣವನ್ನೂ ಹೇಳಲಿಲ್ಲ.

ನಿನ್ನ ಮೇಲಿನ ನನ್ನ ಸಿಟ್ಟು ಹಾಗೆಯೇ ಇದೆ. ನನಗೊಂದು ಮಾತು ಹೇಳದೆ ನೀನು ಸಾವಿತ್ರವ್ವನಿಗೆ ಫೋನ್ ಮಾಡಿದ್ದನ್ನು ನಾನು ಮರೆಯುವುದಿಲ್ಲ. ನಿನ್ನದೂ ಹಾಗೆಯೇ ಇರಲಿ, ಅದನ್ನು ಬಾಗಿಲಲ್ಲಿ ಬಿಟ್ಟು ಬಾ ಎಂದು ಕೇಳುವುದಿಲ್ಲ.

ಉಳಿದವರಿಗೆ ಅಡುಗೆ ಮಾಡುತ್ತಿದ್ದೇನೆ. ಭಾನುವಾರ ಬೇಗ ಬಾ. ರೊಟ್ಟಿ ಬಡಿಯಲು ನನ್ನ ಕೈ ಒಂದೇ ಸಾಲದು.

ಅಕ್ಕ